ಹಲ್ಲಲ್ಲಿ ಕಚ್ಚಿದ ಸೆರಗು

ಚಿನ್ನಿ, ಮುದ್ದು, ನಿಮ್ಮ ಅಜ್ಜಿ ನಾನು ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಬರೆಯುವಾಗ ಅಷ್ಟಿಲ್ಲ. ಕಮಲಾಪುರದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಚಿನ್ನಿ, ಪಟ್ಟಣದ ಗಾಜಿಪುರ ಬಡಾವಣೆಯ ನಿಮ್ಮ ಮನೆಯಲ್ಲಿ ನೀನು ಮೊದಲ ಸಲ ಜೋಳದ ರೊಟ್ಟಿ ಬಡಿದ ದಿನ ನೆನಪಿದೆಯೇ? ಒಂದು ಅಂಚು ದಪ್ಪ, ಇನ್ನೊಂದು ಹರಿದಿತ್ತು. ಮುದ್ದು ಅದನ್ನು ನಮ್ಮ ಜಿಲ್ಲೆಯ ನಕಾಶೆ ಎಂದ. ಅದಕ್ಕೆ ನೀನು ಬೇಸರ ಮಾಡಿಕೊಳ್ಳಲಿಲ್ಲ. ನಾನು ಎರಡು ತುತ್ತು ತಿಂದು ತಾಟು ಸರಿಸಿದಾಗ ಮಾತ್ರ ನಿನ್ನ ಮುಖ ಸಣ್ಣದಾಯಿತು. ಆಮೇಲೆ ನೀನು ಹಿಟ್ಟು ಮುಟ್ಟಲೇ ಇಲ್ಲ.

ನಿಜವೆಂದರೆ ನನಗೆ ಅಗಿಯಲು ಆಗುತ್ತಿರಲಿಲ್ಲ. ಕಿವಿಯ ಮುಂದೆ ದವಡೆ ಕಲ್ಲಿನಂತೆ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನಮ್ಮೂರಿನ ಕೆಂಪು ಬಾಳೆಹಣ್ಣು, ಹಾಲಲ್ಲಿ ನೆನೆಸಿದ ರೊಟ್ಟಿ, ಇಷ್ಟರಲ್ಲೇ ತಿಂಗಳುಗಟ್ಟಲೆ ಸಾಗಿಸಿದ್ದೆ. ಹೇಳಿದರೆ ಯಾರೋ ಡಾಕ್ಟರರ ಮುಂದೆ ಬಾಯಿ ತೆರೆದು ಕೂಡಬೇಕಲ್ಲ.

ಕೊನೆಗೆ ನಿಮ್ಮವ್ವನೇ ಗಮನಿಸಿ, ಸೂಪರ್ ಮಾರ್ಕೆಟ್ ಹಿಂದಿನ ಒಂದು ಹಲ್ಲಿನ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ನಿಮ್ಮವ್ವನಿಗಿಂತ ಚಿಕ್ಕವಳು. ಹಲ್ಲು ಗಟ್ಟಿ ಇವೆ, ದವಡೆಯ ಸ್ನಾಯು ದಣಿದಿದೆ, ಲೇಸರ್ ಕೊಡೋಣ ಎಂದಳು. ಲೇಸರ್ ಎಂದರೆ ಕೊಯ್ಯುವುದು ಎಂದುಕೊಂಡು ನಾನು ಕುರ್ಚಿಯಿಂದ ಇಳಿಯಲು ನೋಡಿದೆ. ಇದು ಕೊಯ್ಯುವುದಲ್ಲ, ಬರೀ ಬೆಳಕು ಎಂದಳು. ನನಗೊಂದು ಕಪ್ಪು ಕನ್ನಡಕ ಹಾಕಿ, ತಾನೂ ಒಂದು ಹಾಕಿಕೊಂಡು, ಮೊದಲು ಆ ಬೆಳಕನ್ನು ತನ್ನ ಅಂಗೈಗೇ ಹಿಡಿದು ತೋರಿಸಿದಳು. ಪೆನ್ನಿನಂಥ ಆ ಯಂತ್ರವನ್ನು ನನ್ನ ಕೆನ್ನೆಗೆ ಒತ್ತಿದಾಗ ಚಳಿಗಾಲದ ಎಳೆಬಿಸಿಲಿಗೆ ಮುಖ ಕೊಟ್ಟಷ್ಟು ಬೆಚ್ಚಗಾಯಿತು, ಆಮೇಲೊಂದು ಪೀಂ ಎಂಬ ಸದ್ದು. ಅಷ್ಟೆ.

ವಾರಕ್ಕೆ ಎರಡು ಸಲ ಹೋದೆವು. ಹೋದ ದಿನ ಹಗುರ, ಮರುದಿನ ಮತ್ತೆ ಬಿಗಿತ. ಅಡಿಕೆ ತಿನ್ನುತ್ತೀರಾ, ಹಲ್ಲು ಕಡಿಯುತ್ತೀರಾ ಎಂದು ಡಾಕ್ಟರಮ್ಮ ಕೇಳಿದಳು. ಎರಡಕ್ಕೂ ಇಲ್ಲವೆಂದೆ. ನಾಲ್ಕನೆಯ ಸಲ ಎರಡೂ ಕೈಯಿಂದ ಹಿಡಿಕೆ ಹಿಡಿದು ಕುರ್ಚಿ ಹತ್ತುತ್ತಿದ್ದಾಗ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಅಮ್ಮಾರ, ಬಾಯಾಗ ಏನ್ ಹಿಡ್ಕೊಂಡೀರಿ?"

ಸೆರಗಿನ ತುದಿ. ಹೊಸ ಸೊಸೆಯಾಗಿದ್ದಾಗ ಮಾವನವರು ಪಡಸಾಲೆಯಲ್ಲಿ ಕೂತಿರುತ್ತಿದ್ದರು. ನನ್ನ ಎರಡೂ ಕೈ ಹಿಟ್ಟಿನಲ್ಲಿ. ತಲೆಯ ಮೇಲಿನ ಸೆರಗು ಜಾರದಂತೆ ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿಯೇ ರೊಟ್ಟಿ ಬಡಿಯುತ್ತಿದ್ದೆ. ಮಾವನವರು ಹೋದರು, ನಿಮ್ಮಜ್ಜನೂ ಹೋದರು. ಹಲ್ಲು ಮಾತ್ರ ಬಿಟ್ಟಿರಲಿಲ್ಲ. ಅಜ್ಜ ಹೋದ ಮೇಲೆ ಇನ್ನೂ ಬಿಗಿಯಾಗಿ ಹಿಡಿದಿದ್ದೆನೋ ಏನೋ.

"ಈಗ ಯಾರಿಗ್ ಅಂಜಿ ಕಚ್ಚಿ ಹಿಡದೀಯವ್ವ?" ಎಂದ ನಿಮ್ಮವ್ವ ತನ್ನ ತಲೆಯ ಪಿನ್ನು ತೆಗೆದು, ಸೆರಗನ್ನು ನನ್ನ ಕೂದಲಿಗೆ ಸಿಕ್ಕಿಸಿದಳು.

ಬೆಳಕು ಸಡಿಲ ಮಾಡುತ್ತದೆ, ಸಡಿಲವಾಗಿ ಇಟ್ಟುಕೊಳ್ಳುವುದು ನಿಮ್ಮ ಕೆಲಸ ಎಂದು ಡಾಕ್ಟರಮ್ಮ ಬಾಯಿಯ ವ್ಯಾಯಾಮ ಕಲಿಸಿದಳು. ಮನೆಯಲ್ಲಿ ಮುದ್ದು ಪೊಲೀಸನಾದ. ನಾನು ಮರೆತು ಕಚ್ಚಿದರೆ ದೂರದಿಂದಲೇ ಅಜ್ಜಿ, ಸೆರಗು ಎನ್ನುತ್ತಿದ್ದ, ಬಂದವರ ಮುಂದೆಯೂ.

ಚಿನ್ನಿ, ಲೇಸರ್ ಮುಗಿದ ವಾರ ರೊಟ್ಟಿ ಬಡಿ ಎಂದು ನಿನಗೆ ಹೇಳಿದೆ.

"ನೀ ತಿನ್ನಂಗಿಲ್ಲ, ಸುಮ್ನ ಹೇಳ್ತಿ," ಎಂದೆ ನೀನು. ಆದರೂ ಬಡಿದೆ. ನಾನು ಅದನ್ನು ಪುಂಡಿಸೊಪ್ಪಿನ ಪಲ್ಯದ ಜೊತೆ, ನೆನೆಸದೆ, ಎರಡೂ ಕಡೆಯ ಹಲ್ಲಿನಿಂದ ಅಗಿದು ತಿಂದೆ. ಮುದ್ದು ಊಟ ಮುಗಿಸಿ ಶಾಲೆಗೆ ಹೋದ, ನಾನಿನ್ನೂ ತಿನ್ನುತ್ತಲೇ ಇದ್ದೆ. ದಪ್ಪ ಅಂಚು ಬಿಡು ಎಂದು ನೀನೇ ಹೇಳಿದೆ. ದವಡೆ ಸ್ವಲ್ಪ ನೋಯಿತು, ಆದರೂ ನಾನು ಅಂಚು ಬಿಡಲಿಲ್ಲ. ನೀನು ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡೆ.

ಮೊದಲ ದಿನದ ರೊಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ, ಮಗಳೇ. ಅಂದೇ ಹೇಳಬೇಕಿತ್ತು. ಹೇಳದ್ದನ್ನು ಈ ಹಾಳೆಗಳಲ್ಲಿ ಬರೆದಿದ್ದೇನೆ, ಜೋಪಾನವಾಗಿಡಿರಿ. ಜೋಳದ ಡಬ್ಬಿಯ ಹತ್ತಿರ ಮಾತ್ರ ಬೇಡ, ಹುಳ ಹತ್ತುತ್ತವೆ.