ಉಣಕಲ್ಲಿನಲ್ಲಿ ನನಗೆ ಕಣ್ಣು ಕತ್ತಲೆ ಬಂದದ್ದು

ಮುಂಬಯಿಯಲ್ಲಿ ಡಾಕ್ಟರಕಿ ಪಾಸಾಗಿ ಬಂದ ನಾಲ್ವರು ಹುಡುಗರನ್ನು ಹುಬ್ಬಳ್ಳಿಯ ದವಾಖಾನೆಯಲ್ಲಿ ಒಂದು ವರ್ಷ ಕೆಲಸ ಕಲಿಯಲು ಹಾಕಿದ್ದರು. ಅವರಲ್ಲಿ ನಾನೊಬ್ಬ. ನಮ್ಮ ಮೇಲಿನ ದೊಡ್ಡ ಡಾಕ್ಟರರು ಧಾರವಾಡದವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ.

ಆ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಹುಬ್ಬಳ್ಳಿಯ ಪಕ್ಕದ ಹಳ್ಳಿ ಉಣಕಲ್ಲಿನಲ್ಲಿ ಇಲಿ ಸತ್ತು ಬೀಳತೊಡಗಿದವು. ಪ್ಲೇಗು ಬಂತೆಂದು ಊರವರು ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡರು. ಚುಚ್ಚುಮದ್ದಿಗೆ ಮಾತ್ರ ಯಾರೂ ತೋಳು ಕೊಡಲಿಲ್ಲ. ಮೊದಲು ಹೋದ ನನ್ನ ಜೊತೆಗಾರ ಔಷಧವನ್ನು ಹಾಗೆಯೇ ವಾಪಸು ತಂದ. ದೊಡ್ಡ ಡಾಕ್ಟರರು ನನ್ನನ್ನು ಕರೆದರು.

"ನೀ ಹೋಗು. ಮೊದಲ ಎಲ್ಲಾರ ಮುಂದ ನಿನಗ ನೀನ ಸೂಜಿ ಮಾಡಿಕೋ. ಆಮ್ಯಾಲ ನಂಬತಾರ."

"ಆಗಲಿ ಸಾಹೇಬ್ರ," ಎಂದೆ. ನನ್ನ ಮೈಗೆ ಸೂಜಿ ತಾಗಿದರೆ ಕಣ್ಣು ಕತ್ತಲೆ ಬರುತ್ತದೆಂದು ಡಾಕ್ಟರನಾಗಿ ಹೇಗೆ ಹೇಳಲಿ? ಬೇರೆಯವರ ಗಾಯ ಹೊಲಿಯುವಾಗ ನನ್ನ ಕೈ ಎಂದೂ ನಡುಗಿರಲಿಲ್ಲ. ನನ್ನ ತೋಳಿನ ಮಾತೇ ಬೇರೆ. ಕಾಲೇಜಿನಲ್ಲಿ ಲಸಿಕೆ ಹಾಕಿಸಿಕೊಂಡದ್ದು ಕೂಡ ಮಂಚದ ಮೇಲೆ ಮಲಗಿ, ಮುಖ ಗೋಡೆಗೆ ತಿರುಗಿಸಿ.

ಉಣಕಲ್ಲಿನ ಕೆರೆಯ ಆಚೆ, ಗುಡಿಸಲುಗಳ ನಡುವಿನ ಬೇವಿನ ಮರದ ಕೆಳಗೆ ಜನ ಸೇರಿದರು. ರೋಗ ಹೇಗೆ ಹರಡುತ್ತದೆ, ಔಷಧ ಏನು ಮಾಡುತ್ತದೆ ಎಂದು ಪುಸ್ತಕದ ಕನ್ನಡದಲ್ಲಿ ಉದ್ದಕ್ಕೂ ಹೇಳಿದೆ. ಗಂಡಸರು ಬೀಡಿ ಸೇದುತ್ತ ಕೇಳಿದರು. ಆಮೇಲೆ ಅಂಗಿಯ ತೋಳು ಮಡಚಿ, "ನೋಡ್ರಿ, ಏನೂ ಆಗೂದಿಲ್ಲ," ಎಂದು ಸೂಜಿ ಚುಚ್ಚಿಕೊಂಡೆ.

ಎಚ್ಚರವಾದಾಗ ಮೂಗಿನ ಹತ್ತಿರ ಜಜ್ಜಿದ ಉಳ್ಳಾಗಡ್ಡಿ ಇತ್ತು. ನನ್ನ ತಲೆ ಒಬ್ಬ ಮುದುಕಿಯ ತೊಡೆಯ ಮೇಲಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

"ನಗಬ್ಯಾಡ್ರೇ," ಎಂದಳು ಮುದುಕಿ. "ಯಾವ ತಾಯಿ ಹಡದ ಕೂಸೋ ಏನೋ. ನಾವು ಬ್ಯಾಡಂದ್ರ ಮ್ಯಾಲಿನವ್ರು ಇವಗ ಬೈತಾರ. ತಮ್ಮಾ, ಏಳು, ನನಗ ಮಾಡು ಸೂಜಿ." ತನ್ನ ಒಣಗಿದ ತೋಳು ಚಾಚಿದಳು. ಅವಳ ಹಿಂದೆ ಸೊಸೆಯಂದಿರು, ಅವರ ಹಿಂದೆ ಗಂಡಸರು. ಸಂಜೆಯೊಳಗೆ ಔಷಧವೆಲ್ಲ ತೀರಿತು. ಅಷ್ಟೂ ಜನ ನನ್ನ ಮೇಲಿನ ಕನಿಕರಕ್ಕೆ ತೋಳು ಕೊಟ್ಟಿದ್ದರು.

ದವಾಖಾನೆಗೆ ಮರಳಿದಾಗ "ಛಲೋ ಮಾಡಿದಿ," ಎಂದರು ದೊಡ್ಡ ಡಾಕ್ಟರರು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಮಂದೀನ ಹೆಂಗ ಒಪ್ಪಿಸಿದಿ ಅನ್ನೂದನ್ನ ಇವರಿಗೂ ಹೇಳು," ಎಂದು ಉಳಿದ ಮೂವರನ್ನು ಕೂಡಿಸಿದರು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಸಮಾಧಾನದಿಂದ ತಿಳಿಸಿ ಹೇಳಬೇಕು, ಧೈರ್ಯ ತೋರಿಸಬೇಕು ಎಂದು ಏನೇನೋ ಹೇಳಿ ಮುಗಿಸಿದೆ.

ಕೆಲವು ದಿನಗಳ ಮೇಲೆ ಆ ಮುದುಕಿಯೇ ದವಾಖಾನೆಗೆ ಬಂದಳು. ಸೂಜಿ ಚುಚ್ಚಿದ ಕಡೆ ತೋಳು ಬಾತಿತ್ತು. ಪಡಸಾಲೆ ತುಂಬ ರೋಗಿಗಳು, ನನ್ನ ಪಕ್ಕದಲ್ಲೇ ದೊಡ್ಡ ಡಾಕ್ಟರರು. ಅವಳು ತನ್ನ ತೋಳಿನ ಸುದ್ದಿಯನ್ನೇ ಎತ್ತಲಿಲ್ಲ.

"ಈಗರ ಆರಾಮ ಅದಿ ಇಲ್ಲೋ ತಮ್ಮಾ? ಅವತ್ತ ಬಿದ್ದಾಗ ನಿನ್ನ ಮಾರಿ ಬೂದಿ ಆಗಿತ್ತು. ರೊಟ್ಟಿ ಬೆಣ್ಣಿ ತಂದೇನಿ, ಉಣ್ಣು. ಮೈಯಾಗ ಕಸುವಿಲ್ಲ ನಿನಗ."

ಪಡಸಾಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಡಾಕ್ಟರರು ಅವಳ ತೋಳಿಗೆ ತಾವೇ ಪಟ್ಟಿ ಕಟ್ಟಿ ಕಳಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಉಳಿದವರಿಗೆ ಹೇಳೂವಾಗ ನೀ ಬಿದ್ದದ್ದನ್ನ ಯಾಕ ಬಿಟ್ಟಿ?"

"ನಾಚಿಕಿ ಬಂತ್ರಿ."

"ನಿನಗ ನಾಚಿಕಿ ಬಂತು. ಆ ಮೂವರು ನಿನ್ನ ಮಾತ ನಂಬಿ ಊರೂರಾಗ ಭಾಷಣಾ ಮಾಡ್ಲಿಕ್ಕತ್ತಾರ. ಒಬ್ಬರೂ ತೋಳ ಕೊಡವಲ್ರು."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನಾಳೆ ಇಲ್ಲೇ ಊರಾಗಿನ ಕಮರಿಪೇಟಿಗೆ ಹೋಗು. ಎರಡನೇ ಸೂಜಿ ಕುಂತು ಚುಚ್ಚಿಕೋ. ಅಂಜಿಕಿ ಬರ್ತದ ಅಂತ ಮೊದಲ ಮಂದಿಗೆ ಹೇಳು," ಎಂದರು.

ಹಾಗೆಯೇ ಮಾಡಿದೆ. ಒಂದು ಬೆಂಚಿನ ಮೇಲೆ ಕುಳಿತು, "ನನಗ ಸೂಜಿ ಅಂದ್ರ ಅಂಜಿಕಿ ಬರ್ತದ್ರಿ. ಆದ್ರೂ ಚುಚ್ಚಿಕೊಳ್ಳಾಕತ್ತೇನಿ," ಎಂದೆ. ಬೆವರಿದೆ, ಆದರೆ ಬೀಳಲಿಲ್ಲ. ಕೆಲವು ಹೆಂಗಸರು ಮುಂದೆ ಬಂದರು. ಮುಂದೆ ನಿಂತಿದ್ದ ಕರಿ ಟೊಪ್ಪಿಗೆಯವನೊಬ್ಬ ಮಾತ್ರ, "ಡಾಕ್ಟರ ಅಂಜಿದ್ರ ನಮ್ಮ ಗತಿ ಏನ್ರಿ?" ಎಂದು ಹೆಂಡತಿಯ ಕೈ ಹಿಡಿದು ಕರೆದುಕೊಂಡು ಹೊರಟ. ಅವನ ಹಿಂದೆ ಇನ್ನಷ್ಟು ಜನ ಚದುರಿದರು. ಮರುದಿನದಿಂದ ಮನೆ ಮನೆಯ ಬಾಗಿಲಲ್ಲಿ ನಿಂತು ಕೇಳಿಕೊಂಡೆ. ಅವನ ಮನೆಗೂ ಹೋಗಿದ್ದೆ. ಬಾಗಿಲು ತೆರೆಯಲಿಲ್ಲ.

ಚಳಿ ಹೆಚ್ಚಿದ ಮೇಲೆ ಅವನ ಹೆಂಡತಿ ಪ್ಲೇಗಿನಿಂದ ತೀರಿಕೊಂಡಳು. ನಿಜ ಮುಚ್ಚಿಟ್ಟಿದ್ದರೆ ಆಕೆ ಉಳಿಯುತ್ತಿದ್ದಳೇ, ನನಗೆ ಗೊತ್ತಿಲ್ಲ. ದೊಡ್ಡ ಡಾಕ್ಟರರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಒಂದು ದಿನ ಬಜಾರದಲ್ಲಿ ಆಕೆಯ ಗಂಡನೇ ಎದುರಾದ. ಬೋಳಿಸಿದ ತಲೆ, ಕೈಯಲ್ಲಿ ಚೀಲ. ನಿಂತು ಎರಡೂ ಕೈ ಜೋಡಿಸಿ, "ಶರಣ್ರಿ ಡಾಕ್ಟರ," ಎಂದ. ನಾನು ನೆಲ ನೋಡುತ್ತಲೇ ಕೈ ಮುಗಿದೆ.