ಸೊಸೆಯ ಫೀಸಿಗೆ ಮುಯ್ಯಿ ಊಟ

ನನ್ನ ಸೊಸೆ ಪಲ್ಲಾವರಂನ ಒಂದು ಸ್ಕೂಲಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಕೆಲಸ ಖಾಯಂ ಅಲ್ಲ. ಬೇಸಿಗೆ ರಜೆಗೆ ಸಂಬಳ ನಿಲ್ಲಿಸುತ್ತಿದ್ದರು, ಜೂನ್‌ನಲ್ಲಿ ಮತ್ತೆ ಕರೆಯುತ್ತಿದ್ದರು. ಒಂದು ವರ್ಷ ಕರೆದವರು, ಇನ್ನು ಮುಂದೆ ಲೈಬ್ರರಿ ಓದಿನಲ್ಲಿ ಎಂ.ಎ.ಯಂಥ ದೊಡ್ಡ ಡಿಗ್ರಿ ಇದ್ದವರಿಗೇ ಕೆಲಸ, ನೀನು ಈಗ ಓದಲು ಸೇರಿಕೊಂಡರೆ ಮುಗಿಯುವ ತನಕ ಕೆಲಸದಲ್ಲಿ ಇಟ್ಟುಕೊಂಡೇ ಕಾಯುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು. ಅವಳು ಗಿಂಡಿ ಕಡೆಯ ಒಂದು ಕಾಲೇಜಿನಲ್ಲಿ ಸಂಜೆ ಕ್ಲಾಸಿಗೆ ಸೀಟು ಹಿಡಿದುಕೊಂಡು ಬಂದಳು.

ಪುಸ್ತಕ ಜೋಡಿಸುವುದಕ್ಕೆ ಅಷ್ಟು ಓದು ಯಾಕೆ ಎಂದು ನಾನು ಮುಖದ ಮೇಲೇ ಕೇಳಿದೆ. ನಾನು ಓದಿದ್ದು ಎರಡನೇ ಕ್ಲಾಸು. ಮಂಡ್ಯ ಬಿಟ್ಟು ಈ ತಮಿಳು ಸೀಮೆಗೆ ಬಂದು, ಶುಕ್ರವಾರದ ಸಂತೆಯಲ್ಲಿ ಹಳೇ ಪಾತ್ರೆ ಮಾರುವವಳು. ಗುಜರಿಯವರ ಹತ್ತಿರ ತೂಕಕ್ಕೆ ತಂದು, ಹುಣಸೆಹಣ್ಣು ಹಾಕಿ ಉಜ್ಜಿ, ಚಾಪೆ ಹಾಸಿ ಇಟ್ಟುಕೊಳ್ಳುತ್ತೇನೆ.

ಅವಳು ಅಕ್ಕಿ ಆರಿಸುತ್ತಾ ತಲೆ ಎತ್ತದೆ ಕೇಳಿದಳು.

"ಅತ್ತೆ, ನಿಮ್ ಚಾಪೆ ಮ್ಯಾಲೆ ಡಬ್ಬಿ ಒಂದು ಮೂಲೇಲಿ, ಮುಚ್ಚಳ ಒಂದು ಮೂಲೇಲಿ ಬಿದ್ದಿದ್ರೆ ಗಿರಾಕಿ ಏನ್ಮಾಡ್ತಾನೆ?"

"ಎದ್ದೋಯ್ತಾನೆ."

"ಸ್ಕೂಲಲ್ಲಿ ಮಕ್ಳೂ ಹಂಗೇ ಎದ್ದೋಯ್ತಾರೆ."

ಅದು ನನಗೆ ಅರ್ಥವಾಯಿತು. ಮತ್ತೆ ಯಾಕೆ ಎಂದು ಕೇಳಲಿಲ್ಲ.

ಆದರೆ ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ನನ್ನ ಮಗ ಟೆಂಪೋ ಓಡಿಸುತ್ತಾನೆ, ಸಂಬಳ ಕೈಗೆ ಬರುತ್ತದೆ, ಚೀಟಿ ಇಲ್ಲ, ರಸೀದಿ ಇಲ್ಲ. ಬ್ಯಾಂಕಿನವರು ಸಂಬಳದ ಕಾಗದ ಇರುವವರನ್ನು ಜಾಮೀನಿಗೆ ಕರೆದುಕೊಂಡು ಬನ್ನಿ ಅಂದರು. ಅಂಥವರು ನಮ್ಮಲ್ಲಿ ಯಾರೂ ಇಲ್ಲ. ಚಿನ್ನ ಅನ್ನುವುದು ನನ್ನ ಗಂಡನ ಕಾಯಿಲೆಗೇ ಹೋಗಿತ್ತು. ಕಾಲೇಜಿನವರು ಕೊಟ್ಟ ಗಡುವಿಗೆ ಎರಡು ವಾರವೂ ಇರಲಿಲ್ಲ. ಕಟ್ಟದಿದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಸೀಟು.

ದಾರಿ ಹೇಳಿದವಳು ಪಕ್ಕದ ಮನೆಯವಳು. ಪುದುಕೋಟೆ ಕಡೆಯ ತಮಿಳು ಹೆಂಗಸು, ಸ್ಟೇಷನ್ ಹತ್ತಿರ ಇಡ್ಲಿ ಮಾರುತ್ತಾಳೆ. ಅವರ ಊರಿನಲ್ಲಿ ಮದುವೆ, ಮುಂಜಿ ಏನೂ ಇಲ್ಲದೆಯೂ ಜನರನ್ನು ಕರೆದು ಊಟ ಹಾಕುತ್ತಾರಂತೆ. ಉಂಡವರು ಮೊಯ್ ಇಟ್ಟು ಹೋಗುತ್ತಾರಂತೆ. ಆ ದುಡ್ಡಿನಲ್ಲಿ ಬೋರ್‌ವೆಲ್ ಹಾಕಿಸುತ್ತಾರೆ, ಅಂಗಡಿ ತೆಗೆಯುತ್ತಾರೆ. ಮುಂದೆ ಅವರವರು ಊಟ ಹಾಕಿದಾಗ ಸ್ವಲ್ಪ ಸೇರಿಸಿ ವಾಪಸ್ ಇಡಬೇಕು. ನಮ್ಮ ಮಂಡ್ಯ ಕಡೆಯ ಮುಯ್ಯಿಯೇ ಅದು. ನಾವು ಮದುವೆ, ಗೃಹಪ್ರವೇಶಕ್ಕೆ ಮಾತ್ರ ಇಡುತ್ತೇವೆ, ಅಷ್ಟೇ.

ನಾನು ಜೀವಮಾನವಿಡೀ ನೆಂಟರ ಮದುವೆಗಳಲ್ಲಿ ಮುಯ್ಯಿ ಇಟ್ಟವಳು. ನನಗೆ ಒಂದು ರೂಪಾಯಿ ವಾಪಸ್ ಬಂದಿರಲಿಲ್ಲ. ಯಾಕೆಂದರೆ ನನ್ನ ಮಗ ಯಾರಿಗೂ ಹೇಳದೆ ದೇವಸ್ಥಾನದಲ್ಲಿ ತಾಳಿ ಕಟ್ಟಿಕೊಂಡು ಬಂದ. ಊಟವೇ ಹಾಕದಿದ್ದರೆ ಮುಯ್ಯಿ ಎಲ್ಲಿಂದ ಬರಬೇಕು. ಪಕ್ಕದ ಮನೆಯವಳು ಹೇಳಿದ್ದು ಕೇಳಿದಾಗ ನನ್ನ ದುಡ್ಡೆಲ್ಲ ಎಲ್ಲೆಲ್ಲಿ ಕೂತಿದೆ ಎಂದು ಕಣ್ಣಿಗೆ ಕಂಡಿತು.

ಮಗ ಹಾರಾಡಿದ. ಹೆಂಡತಿಯ ಓದಿಗೆ ಊರು ಕರೆದು ಕೈಯೊಡ್ಡಬೇಕಾ ಎಂದು ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ.

"ಇದು ಭಿಕ್ಷೆ ಕಣವ್ವ."

"ನಾನು ಇಟ್ಟಿದ್ದನ್ನ ನಾನು ಕೇಳ್ತಾವ್ನಿ. ನೀನು ಸರಿಯಾಗಿ ಮದ್ವೆ ಆಗಿದ್ದಿದ್ರೆ ಆವತ್ತೇ ಬಂದಿರೋದು."

ಮೂರನೇ ದಿನ ಮನೆಯಲ್ಲೇ ಉಂಡ. ಶಾಮಿಯಾನ ಕಟ್ಟಲು ಹಗ್ಗ ತಂದ.

ಭಾನುವಾರ ತಾರಸಿಯ ಮೇಲೆ ಊಟ. ಖರ್ಚಿಗೆ ಹೆದರಿ ನಾನು ಹುಳಿ, ಪಾಯಸ ಸಾಕು ಅಂದಿದ್ದೆ. ಪಕ್ಕದ ಮನೆಯವಳು ಕೇಳಲಿಲ್ಲ, ಮಟನ್ ಇಲ್ಲದ ಮೊಯ್ ಊಟಕ್ಕೆ ಬಂದವರು ಕೈ ತೊಳೆದುಕೊಂಡು ಹಾಗೇ ಇಳಿದು ಹೋಗುತ್ತಾರೆ ಅಂದಳು. ಮಾಂಸದ ದುಡ್ಡು ತಾನೇ ಹಾಕಿ, ಅದೇ ತನ್ನ ಮೊಯ್ ಎಂದು ಸೊಸೆಯ ಮುಯ್ಯಿ ಪಟ್ಟಿಯಲ್ಲಿ ಮೊದಲನೇ ಹೆಸರು ಬರೆಸಿಕೊಂಡಳು. ಬೀದಿಯ ತಮಿಳರು, ಸಂತೆಯವರು, ಮಗನ ಜೊತೆ ಟೆಂಪೋ ಓಡಿಸುವವರು, ಎಲ್ಲರೂ ಉಂಡು, ಬಾಯಿ ಒರೆಸಿಕೊಂಡು, ಕವರು ಕೊಟ್ಟು ಹೋದರು. ಏನು ಓದು, ಯಾಕೆ ಓದು ಎಂದು ಒಬ್ಬರೂ ಕೇಳಲಿಲ್ಲ.

ನಮ್ಮವರು ಹಾಗಲ್ಲ. ಮಂಡ್ಯದಿಂದ ಬಂದವರು, ಇಲ್ಲೇ ತಾಂಬರಂ ಕಡೆ ಇರುವವರು, ಎಲ್ಲರಿಗೂ ನಾನೇ ಫೋನು ಮಾಡಿ ಸೊಸೆಯ ಕಾಲೇಜು ಫೀಸಿಗೆ ಮುಯ್ಯಿ ಎಂದು ಬಿಡಿಸಿ ಹೇಳಿದ್ದೆ. ಕಾಲೇಜಿಗೆ ಹೋಗುವ ಸೊಸೆಯ ಕೈಗೆ ದುಡ್ಡು ಇಡುವುದು ಅವರಿಗೆ ಸಂಕೋಚವಾಯಿತಂತೆ. ಶಾಸ್ತ್ರ ಇಲ್ಲದ ಊಟಕ್ಕೆ ಏನು ಕೊಡುವುದು ಎಂದು ತಿಳಿಯದೆ ಸ್ಟೀಲ್ ಡಬ್ಬಿ, ಇಡ್ಲಿ ಪಾತ್ರೆ, ಕುಕ್ಕರು, ಹಿತ್ತಾಳೆ ದೀಪ ಹೊತ್ತುಕೊಂಡು ಬಂದರು. ಸಂಜೆ ಹೊತ್ತಿಗೆ ನಮ್ಮ ನಡುಮನೆ ಪಾತ್ರೆ ಅಂಗಡಿ ಆಗಿತ್ತು.

ಕವರುಗಳನ್ನು ಬಿಚ್ಚಿ ಎಣಿಸಿದರೆ ಫೀಸಿಗೆ ಸಾಲದು. ಸೊಸೆ ಡಬ್ಬಿಗಳ ನಡುವೆ ಕೂತುಕೊಂಡು, ಸೀಟು ಬಿಟ್ಟುಬಿಡ್ತೀನಿ ಅತ್ತೆ ಅಂದಳು. ನಾನು ಬೈದೆ. ಗಡುವು ಇದ್ದದ್ದು ಮುಂದಿನ ಸೋಮವಾರ. ನಡುವೆ ಒಂದು ಶುಕ್ರವಾರ ಇತ್ತು. ಪಾತ್ರೆ ಮಾರುವವಳ ಮನೆಗೆ ಪಾತ್ರೆ ತಂದು ಕೊಟ್ಟಿದ್ದಾರೆ, ಇನ್ನೇನು ಬೇಕು.

ಸೊಸೆ ಯಾರು ಏನು ಕೊಟ್ಟರು ಎಂದು ಬರೆದಿಟ್ಟುಕೊಂಡಳು, ಮುಂದೆ ತೀರಿಸಬೇಕಲ್ಲ. ಶುಕ್ರವಾರ ಮಗ ಟೆಂಪೋದಲ್ಲಿ ಎಲ್ಲವನ್ನೂ ಸಂತೆಗೆ ಇಳಿಸಿದ. ಹೊಸ ಮಾಲು, ಬಿಸಿಲೇರುವ ಮೊದಲೇ ಅರ್ಧ ಖಾಲಿಯಾಯಿತು.

ಮಧ್ಯಾಹ್ನಕ್ಕೆ ನನ್ನ ನಾದಿನಿ ಬಂದಳು. ನನ್ನ ಗಂಡನ ತಂಗಿ, ತಾಂಬರಂನವಳು. ಸಂತೆಗೆ ಹೂವಿನ ಗಿಡ ಕೊಳ್ಳಲು ಬಂದವಳು, ಚಾಪೆಯ ಮೇಲೆ ತಾನು ಕೊಟ್ಟಿದ್ದ ಸ್ಟೀಲ್ ಕೊಡ ನೋಡಿ ಅಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ನಾನು ಪ್ರೀತಿಯಿಂದ ಕೊಟ್ಟಿದ್ದು ಐದು ದಿನಕ್ಕೇ ಬೀದಿಗೆ ಬಂತಾ?"

ಸುತ್ತಲಿನ ಅಂಗಡಿಯವರು ತಿರುಗಿ ನೋಡಿದರು. ನಾನು ಎದ್ದೇಳಲಿಲ್ಲ.

"ಕೊಡ ತಿರುಗಿಸಿ ನೋಡು ಕಣಮ್ಮಿ."

ತಿರುಗಿಸಿದಳು. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಾರಲ್ಲ, ಹಾಗೆ ತಳದಲ್ಲಿ ಅವಳ ಅಣ್ಣನ ಹೆಸರು, ಅಂದರೆ ನನ್ನ ಗಂಡನ ಹೆಸರು ಇತ್ತು. ಅವಳ ಮಗಳ ಮದುವೆಗೆ ನಾವೇ ಕೊಟ್ಟ ಕೊಡ ಅದು. ಅಟ್ಟದ ಮೇಲೆ ಇಟ್ಟು ಮರೆತು, ಬಟ್ಟೆಯಲ್ಲಿ ಒರೆಸಿ ನನಗೇ ತಂದುಕೊಟ್ಟಿದ್ದಳು. ಭಾನುವಾರವೇ ನಾನು ನೋಡಿದ್ದೆ, ಹೇಳಿರಲಿಲ್ಲ.

ನಾದಿನಿ ಸ್ವಲ್ಪ ಹೊತ್ತು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡಳು. ನನಗೂ ನಗು ಬಂತು. ಚಾಪೆಯ ತುದಿಯಲ್ಲಿ ಕೂತು, ಫೀಸಿಗೆ ಇನ್ನೆಷ್ಟು ಬೇಕು ಎಂದು ಕೇಳಿದಳು. ಹೇಳಿದೆ. ಕೊಡದ ಬೆಲೆ ಎಷ್ಟು ಎಂದು ಕೇಳಿದಳು. ಬೇರೆಯವರಿಗೆ ಹೇಳುವ ಬೆಲೆಯನ್ನೇ ಹೇಳಿದೆ. ಚೌಕಾಸಿ ಮಾಡಿದಳು, ನಾನು ಬಿಡಲಿಲ್ಲ. ಕೊನೆಗೆ ಕೊಡದ ದುಡ್ಡು ಕೊಟ್ಟು, ಅದರ ಜೊತೆ ಮಡಿಸಿದ ನೋಟುಗಳನ್ನೂ ಇಟ್ಟಳು. ಇದು ನಿಜವಾದ ಮುಯ್ಯಿ, ನಿನ್ನ ಸೊಸೆಯ ಕೈಲಿ ಬರೆಸು ಅಂದಳು. ಕೊಡದ ಒಳಗೆ ಸೇವಂತಿಗೆ ಗಿಡ ಇಟ್ಟುಕೊಂಡು ರೈಲಿಗೆ ಹೋದಳು.

ಸೋಮವಾರ ಮಗನೇ ಹೆಂಡತಿಯನ್ನು ಕರೆದುಕೊಂಡು ಹೋಗಿ ಫೀಸು ಕಟ್ಟಿಸಿದ. ಭಿಕ್ಷೆ ಅಂದವನು ರಸೀದಿಯನ್ನು ಫೋನಿನಲ್ಲಿ ಫೋಟೋ ತೆಗೆದು ಟೆಂಪೋದವರಿಗೆಲ್ಲ ತೋರಿಸಿದ.

ಈಗ ಅವಳು ಎರಡನೇ ವರ್ಷ. ಎರಡನೇ ಫೀಸನ್ನು ಅವಳ ಸಂಬಳ, ನನ್ನ ಸಂತೆ, ಅವನ ಟೆಂಪೋ ಸೇರಿ ಕಟ್ಟಿದೆವು. ಸ್ಕೂಲಿನವರು ಮಾತಿಗೆ ತಪ್ಪದೆ ಕಾಯುತ್ತಿದ್ದಾರೆ. ಸಂಜೆ ಗಿಂಡಿಗೆ ಹೋಗಿ, ವಾಪಸ್ ಬರುವಾಗ ರೈಲಿನಲ್ಲಿ ಸೀಟು ಸಿಕ್ಕರೆ ಓದುತ್ತಾಳಂತೆ, ಸಿಗದಿದ್ದರೆ ನಿಂತೇ ಓದುತ್ತಾಳಂತೆ.

ಬರುವ ತಿಂಗಳು ನಾದಿನಿಯ ಮೊಮ್ಮಗಳಿಗೆ ಕಿವಿ ಚುಚ್ಚುವ ಊಟ. ಸೊಸೆ ಬರೆದಿಟ್ಟದ್ದನ್ನು ತೆಗೆದು ನೋಡಿ, ನಾದಿನಿ ಇಟ್ಟದ್ದಕ್ಕೆ ಸ್ವಲ್ಪ ಸೇರಿಸಿ ಕವರಿಗೆ ಹಾಕಿದ್ದಾಳೆ. ಜೊತೆಗೆ ಒಂದು ಪಾತ್ರೆ ಕೊಡೋಣವಾ ಅತ್ತೆ ಎಂದು ಕೇಳಿದಳು. ಬೇಡ, ಕೊಡ ಅವರ ಮನೆಯಲ್ಲೇ ಇದೆ ಅಂದೆ.