ತೊಟ್ಟಿಗೆ ಇಳಿಸಿದ ದೀಪ

ಮಳವಳ್ಳಿ ದಾರಿಯಲ್ಲಿ ನಾವು ಹೊಕ್ಕ ಮೂರನೆಯ ವೈನರಿ ಅದು. ಗೆಳತಿಯರು ಗ್ಲಾಸು ತಿರುಗಿಸಿ ಪರಿಮಳ ಹೀರುತ್ತಿದ್ದಾಗ ನಾನು ಹಿಂದಿನ ಉಗ್ರಾಣಕ್ಕೆ ಹೋದೆ. ಅಲ್ಲಿ ಹಿರಿಯ ಕೆಲಸಗಾರ ಸಿದ್ದಣ್ಣ, ದ್ರಾಕ್ಷಿಸಿಪ್ಪೆ ಬಾಚಲು ತಾವು ಇಳಿಯಬೇಕಿದ್ದ ಆಳದ ತೊಟ್ಟಿಯೊಳಕ್ಕೆ, ಬಕೆಟ್ಟಿನಲ್ಲಿ ಉರಿಯುವ ದೀಪವಿಟ್ಟು ಹಗ್ಗದಿಂದ ಇಳಿಸುತ್ತಿದ್ದರು. ಹಾಳುಬಾವಿಗೆ ಇಳಿಯುವ ಮುನ್ನ ಈ ಸೀಮೆಯವರು ಮಾಡುವ ಪರೀಕ್ಷೆಯದು. ದೀಪ ಅರ್ಧದಲ್ಲೇ ಆರಿತು.

"ಒಳ್ಗೆ ಉಸ್ರಾಡಕ್ಕೆ ಗಾಳಿ ಇಲ್ಲ ಕಣವ್ವ. ನಾ ಇಳಿಯಾಕಿಲ್ಲ" ಎಂದರು.

ಪಕ್ಕದಲ್ಲೇ ನಿಂತಿದ್ದ ಮೇಲ್ವಿಚಾರಕ ಗದರಿದ: "ದಿನಾ ಇದೇ ನಾಟ್ಕ. ಇಳಿಯಯ್ಯ!"

ಗಾಳಿ ಪರೀಕ್ಷಿಸುವ ಯಂತ್ರವೆಲ್ಲಿ, ಇವರು ಸತ್ತರೆ ಹೊಣೆ ಯಾರದು ಎಂದು ಅವನನ್ನು ಕೇಳಿದೆ.

"ಮೇಡಂ, ನೀವು ಬಂದಿರೋದು ವೈನ್ ರುಚಿ ನೋಡಕ್ಕೆ" ಎಂದ.

ಸಿದ್ದಣ್ಣ ಹಗ್ಗದ ತುದಿಯನ್ನು ಅವನ ಸೊಂಟದತ್ತ ಚಾಚಿದರು. "ನಾಟ್ಕ ಅನ್ನೋದಾದ್ರೆ ಮೊದ್ಲು ನೀವೇ ಇಳೀರಿ ಸಾ. ಮೇಲೆ ನಾ ಇಡ್ಕತೀನಿ."

ಮೇಲ್ವಿಚಾರಕ ತೊಟ್ಟಿಯ ಬಾಯಿಂದ ಎರಡು ಹೆಜ್ಜೆ ಹಿಂದೆ ಸರಿದ.